ದಡದಲ್ಲಿ ನಿಂತು ಕಂಡ ಅಲೆ

ರೇನೋ ಲುವೋಮಾನ ದೋಣಿ ಮುಳುಗಿದ್ದು ಜುಲೈ ತಿಂಗಳ ಒಂದು ಭಾನುವಾರ, ಬೆಳಗ್ಗೆ ಹತ್ತು ಗಂಟೆಗೆ, ನಾಲ್ಕಾರು ಮನೆಯವರ ಕಣ್ಣೆದುರಿಗೇ. ಅವನನ್ನು ಮುಳುಗಿಸಿದವನೂ ಮೇಲೆತ್ತಿದವನೂ ಒಬ್ಬನೇ ಆಗಿದ್ದರಿಂದ ಯಾರ ಮೇಲೆ ಸಿಟ್ಟಾಗಬೇಕೆಂದು ನಮ್ಮ ಊರಿನವರಿಗೆ ಬಹಳ ದಿನ ತಿಳಿಯಲಿಲ್ಲ.

ನಮ್ಮದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಉತ್ತರದ ತುದಿ. ಹ್ಯಾಲ್ವರ್ಸನ್ ಕೆರೆಯ ಸುತ್ತ ನೂರಾ ಹತ್ತು ಮನೆಗಳಿವೆ. ನಾನು ಅಲ್ಲಿನ ಊರ ಮಂಡಳಿಯ ಗುಮಾಸ್ತೆ. ಮೂವರು ಸದಸ್ಯರು ಮಾತಾಡುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ಹಾಗಾಗಿ ಈ ಕಥೆಯ ಅರ್ಧಭಾಗ ನನ್ನ ಕೈಬರಹದಲ್ಲೇ ಇದೆ. ಉಳಿದರ್ಧವನ್ನು ಯಾರೂ ಬರೆದಿಟ್ಟಿಲ್ಲ.

ರೇನೋಗೆ ಎಪ್ಪತ್ನಾಲ್ಕು. ಕಾಗದದ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. ಸೊಂಟದ ಕೀಲು ಬದಲಿಸಿಕೊಂಡ ಮೇಲೆ ನಡೆಯುವುದಕ್ಕಿಂತ ದೋಣಿಯಲ್ಲಿ ಕೂರುವುದೇ ಅವನಿಗೆ ಸುಲಭ. ದಿನಾ ಬೆಳಗ್ಗೆ ತನ್ನ ಚಿಕ್ಕ ಅಲ್ಯೂಮಿನಿಯಂ ದೋಣಿಯನ್ನು ಕಾಡುಭತ್ತ ಬೆಳೆಯುವ ಮೂಲೆಗೆ ಒಯ್ದು, ಲಂಗರು ಹಾಕಿ, ಗಾಳ ಬಿಟ್ಟು ಕೂರುತ್ತಿದ್ದ. ಅವತ್ತೂ ಕೂತಿದ್ದ. ಎದುರು ದಡದ ಕರ್ಟ್ ಝಾಸ್ಟ್ರೋ ತನ್ನ ವೇಕ್ ಬೋಟನ್ನು ತಂದ. ಈ ಬೋಟುಗಳ ಹೊಟ್ಟೆಯಲ್ಲಿ ಟ್ಯಾಂಕುಗಳಿರುತ್ತವೆ. ಅವುಗಳಿಗೆ ಕೆರೆಯ ನೀರನ್ನೇ ತುಂಬಿಸಿದರೆ ಹಿಂಭಾಗ ತಗ್ಗಿ, ಬೆನ್ನ ಹಿಂದೆ ಸೊಂಟದೆತ್ತರದ ಅಲೆ ಏಳುತ್ತದೆ. ಕರ್ಟನ ಮಗಳು ಬ್ರಿನ್ ಆ ಅಲೆಯ ಮೇಲೆ ಕಾಲಡಿ ಹಲಗೆ ಇಟ್ಟುಕೊಂಡು, ಬೋಟಿನ ಹಗ್ಗವನ್ನೂ ಹಿಡಿಯದೆ ಜಾರುತ್ತಿದ್ದಳು. ನೋಡಲು ಚೆಂದವೇ.

ಬೋಟು ದೂರ ಹೋಗಿಯಾಗಿತ್ತು. ಆಮೇಲೆ ಅಲೆ ಬಂತು. ಮೊದಲನೆಯದು ರೇನೋನ ದೋಣಿಯ ಮೂತಿ ಎತ್ತಿತು, ಎರಡನೆಯದು ಹಿಂದಿನಿಂದ ಒಳಗೆ ಬಂತು, ಮೂರನೆಯದು ಬರುವ ಹೊತ್ತಿಗೆ ದೋಣಿಯೇ ಇರಲಿಲ್ಲ. ನೀರಿನ ಮೇಲೆ ತೇಲುತ್ತಿದ್ದ ಕೆಂಪು ಟೋಪಿಯನ್ನು ಕಂಡ ಕರ್ಟ್ ಬೋಟು ತಿರುಗಿಸಿ, ಬಟ್ಟೆಯಲ್ಲೇ ನೀರಿಗೆ ಹಾರಿದ. ರೇನೋ ತೇಲುವ ಜಾಕೆಟ್ ತೊಟ್ಟಿದ್ದ, ಬದುಕಿದ.

ಮಧ್ಯಾಹ್ನ ಅವನ ತಂಗಿ ವರ್ನಾ ಬಂದಳು. ಮೂವತ್ತು ವರ್ಷ ಶಾಲಾ ಬಸ್ಸು ಓಡಿಸಿದ ಹೆಂಗಸು. ಊರಿನ ಅರ್ಧ ಜನ ಅವಳ ಬಸ್ಸಿನ ಸೀಟಿನಲ್ಲಿ ಕೂತು ದೊಡ್ಡವರಾದವರು, ಕರ್ಟ್ ಕೂಡ.

"ತಪ್ಪು ನಂದೂ ಇದೆ ಕಣೇ," ಎಂದ ರೇನೋ. "ಲಂಗರು ಹಿಂದುಗಡೆ ಕಟ್ಟಿದ್ದೆ, ಅಲೆ ಬಂದಾಗ ದೋಣಿ ಹಿಂದೆ ಏಳೋಕಾಗ್ಲಿಲ್ಲ."

"ಐವತ್ತು ವರ್ಷದಿಂದ ಹಿಂದುಗಡೆನೇ ಕಟ್ತಿದ್ದೀಯಲ್ಲ ಅಣ್ಣ. ಇವತ್ತೇ ಯಾಕೆ ಮುಳುಗ್ತು?"

ಅದಕ್ಕೆ ಅವನ ಬಳಿ ಉತ್ತರವಿರಲಿಲ್ಲ. ಕೆಳಗಿನ ಹಲ್ಲಿನ ಸೆಟ್ಟೂ ಇರಲಿಲ್ಲ, ಅದು ಕೆರೆಯ ತಳ ಸೇರಿತ್ತು.

"ನೋಡು, ಆ ಹುಡುಗನ್ನ ಊರ ಮುಂದೆ ನಿಲ್ಸಿ ಬೈಬೇಡ," ಎಂದ. "ನನ್ನ ಕಾಲರ್ ಹಿಡ್ಕೊಂಡು ದಡದ ತನಕ ಈಜ್ದ. ಅವನೇ ಅಳ್ತಿದ್ದ."

"ಅವನನ್ನ ಬೈಯಲ್ಲ. ಆ ಟ್ಯಾಂಕನ್ನ ಬೈತೀನಿ."

ಮರುದಿನದಿಂದಲೇ ವರ್ನಾ ಮನೆಮನೆ ಹತ್ತಿಳಿದಳು. ಅವಳ ಅರ್ಜಿ ಒಂದೇ ಸಾಲಿನದು: ನಮ್ಮ ಕೆರೆಯಲ್ಲಿ ಯಾವ ಬೋಟೂ ಟ್ಯಾಂಕು ತುಂಬಿಸಿಕೊಂಡು ಓಡಬಾರದು, ಹಾಗೆಂದು ಊರ ಮಂಡಳಿ ನಿಯಮ ಮಾಡಬೇಕು. ಬೋಟು ಬೇಡವೆಂದೇನೂ ಅಲ್ಲ. ಬಹಳ ಜನ ಸಹಿ ಹಾಕಿದರು. ಅವರ ದಡಗಳೂ ಕುಸಿದಿದ್ದವು, ಕಟ್ಟಿದ ದೋಣಿಗಳೂ ಜಜ್ಜಿಹೋಗಿದ್ದವು. ಇನ್ನು ಕೆಲವರು ಬಾಗಿಲಲ್ಲೇ, "ಕೆರೆ ಏನು ನಿಮ್ಮಪ್ಪಂದಾ ವರ್ನಾ?" ಎಂದರು. ಅವಳು ತನ್ನ ಅಂಗಳದಲ್ಲಿ ನೆಟ್ಟಿದ್ದ ಪ್ರಚಾರದ ಫಲಕವನ್ನು ಯಾರೋ ಕಿತ್ತೆಸೆದರು. ಚರ್ಚಿನಲ್ಲಿ ಪ್ರಾರ್ಥನೆ ಮುಗಿದ ಮೇಲೆ ಕಾಫಿಗೆ ಕೂರುವಾಗ ಎರಡು ಬೇರೆ ಬೇರೆ ಮೇಜುಗಳಾದವು. ಕರ್ಟ್ ಅವಳನ್ನು ಕಂಡರೆ ರಸ್ತೆಯ ಆಚೆ ಬದಿಗೆ ಹೋಗತೊಡಗಿದ.

"ಗೆದ್ರೂ ಸೋತ ಹಾಗೇ ಆಗುತ್ತೇನೋ," ಎಂದು ಒಂದು ದಿನ ನನ್ನ ಮೇಜಿನೆದುರು ಕೂತು ಹೇಳಿದಳು. ಮುಖ ಇಳಿದುಹೋಗಿತ್ತು.

ಮಂಡಳಿಯ ಮೂವರಲ್ಲಿ ಅಧ್ಯಕ್ಷರು ನಿಯಮದ ಪರ. ಇನ್ನೊಬ್ಬರು, ಇಂಥದ್ದೆಲ್ಲ ರಾಜ್ಯ ಸರ್ಕಾರದ ಕೆಲಸ, ನಮಗ್ಯಾಕೆ ಎನ್ನುವವರು. ಮೂರನೆಯವಳು ಲೂಸಿಲ್ ಪ್ರಿಬಿಲ್. ಅವಳ ಅಂಗಡಿಯಲ್ಲಿ ಗಾಳದ ಹುಳವೂ ಸಿಗುತ್ತದೆ, ಬೋಟಿಗೆ ಪೆಟ್ರೋಲೂ ಸಿಗುತ್ತದೆ. ಎರಡು ಕಡೆಯವರೂ ಅವಳ ಗಿರಾಕಿಗಳೇ. ವರ್ನಾ ಕೊಟ್ಟ ಕಾಗದಗಳನ್ನು ಅವಳು ಓದದೆಯೇ ವಾಪಸು ಕೊಟ್ಟಳು.

"ನಂಗೆ ಕಾಗದ ಬೇಡ ಕಣೇ. ಅಲೆ ತೋರ್ಸು."

ಅಲೆ ತೋರಿಸಬೇಕಾದರೆ ಬೋಟು ಬೇಕು. ವರ್ನಾ ನೇರವಾಗಿ ಕರ್ಟನ ಮನೆಯ ಬಾಗಿಲು ತಟ್ಟಿದಳು.

"ನನ್ನ ಬೋಟಲ್ಲೇ ನನ್ನ ವಿರುದ್ಧ ಸಾಕ್ಷಿ ಹುಡುಕ್ತಿದ್ದೀರಾ?" ಎಂದ ಅವನು, ಒಳಗೂ ಕರೆಯದೆ.

"ಹೌದು. ಆದ್ರೆ ಅದು ನಿನ್ನ ಕಡೆಗೇ ಆದ್ರೂ ಆಗ್ಬಹುದು. ಅಷ್ಟು ದೂರದಿಂದ ಬಂದ ಅಲೇಲಿ ಏನೂ ಇರಲ್ಲ ಅಂತ ಊರಿಗೆಲ್ಲ ಹೇಳ್ತಿದ್ದೀಯಲ್ಲ. ಲೂಸಿಲ್‌ಗೆ ತೋರ್ಸು."

ಕರ್ಟ್ ಹೊರಗೆ ಬಂದು ಬಾಗಿಲು ಎಳೆದುಕೊಂಡ. "ಸರಿ. ಬ್ರಿನ್ ಓಡಿಸ್ಲಿ. ನಾನು ನಿಮ್ಮ ದೋಣಿ ಕಟ್ಟೋ ಜೆಟ್ಟಿ ಮೇಲೇ ನಿಂತಿರ್ತೀನಿ. ಇಲ್ದಿದ್ರೆ ನೀವು ಬಕೆಟಲ್ಲಿ ನೀರು ಎರಚಿದ್ರೂ ಎರಚೀರಿ."

"ಬಸ್ಸಲ್ಲಿ ಕೂತಾಗ್ಲೂ ನಿಂಗೆ ಇದೇ ಅನುಮಾನ," ಎಂದಳು ವರ್ನಾ. ಇಬ್ಬರೂ ನಗಲಿಲ್ಲ.

ಆಗಸ್ಟಿನ ಕೊನೆಯ ಶನಿವಾರ ವರ್ನಾಳ ಮನೆ ಮುಂದಿನ ಮರದ ಜೆಟ್ಟಿಯ ಮೇಲೆ ನಾವು ಐದು ಜನ ಸೇರಿದೆವು. ರೇನೋಗೆ ಒಂದು ಮಡಚುವ ಕುರ್ಚಿ. ಲೂಸಿಲ್ ಬಿಳಿ ಕ್ಯಾನ್ವಾಸ್ ಶೂ ಹಾಕಿಕೊಂಡು ಬಂದಿದ್ದಳು. ನೂರೈವತ್ತು ಮೀಟರ್ ಆಚೆ ಬ್ರಿನ್ ಮೊದಲು ಟ್ಯಾಂಕು ಖಾಲಿ ಇಟ್ಟುಕೊಂಡೇ ಬೋಟು ಓಡಿಸಿದಳು. ಸ್ವಲ್ಪ ಹೊತ್ತಿಗೆ ಸಣ್ಣ ಅಲೆಗಳು ಬಂದು ಕಂಬಗಳಿಗೆ ತಟ್ಟಿ ಹೋದವು.

"ಇಷ್ಟೇನಾ?" ಎಂದಳು ಲೂಸಿಲ್.

ಆಮೇಲೆ ಬ್ರಿನ್ ಟ್ಯಾಂಕು ತುಂಬಿಸಿದಳು. ಬೋಟು ಮೂತಿ ಮೇಲೆತ್ತಿ, ಹಿಂಭಾಗ ಎಳೆದುಕೊಂಡು, ನಿಧಾನವಾಗಿ ಹಾದುಹೋಗಿ ತಿರುವಿನ ಆಚೆ ಮರೆಯಾಯಿತು. ಕೆರೆ ಸುಮ್ಮನಿತ್ತು.

"ನೋಡಿದ್ರಲ್ಲ," ಎಂದ ಕರ್ಟ್. "ಬೋಟು ಹೋಗೇ ಬಿಡ್ತು. ಏನಾದ್ರೂ ಆಯ್ತಾ?"

ಅವನು ಮಾತು ಮುಗಿಸಿದ ಮೇಲೆ ಅದು ಬಂತು. ದಡದ ಹತ್ತಿರ ಬರುತ್ತಾ ಬೆಳೆದು, ಜೆಟ್ಟಿಯ ಹಲಗೆಗಳ ಸಂದಿಯಿಂದ ಮೇಲಕ್ಕೆ ಚಿಮ್ಮಿತು. ಲೂಸಿಲ್‌ಳ ಶೂ ತೊಯ್ದು ಕೆಸರಿನ ಬಣ್ಣವಾಯಿತು. ಕಟ್ಟಿದ್ದ ಹುಟ್ಟು ಹಾಕುವ ದೋಣಿ ಮೊಣಕಾಲೆತ್ತರ ಎದ್ದು ಕಂಬಕ್ಕೆ ಬಡಿಯಿತು, ಮತ್ತೆ ಎದ್ದು ಮತ್ತೆ ಬಡಿಯಿತು. ನಾನು ರೇನೋನ ಕುರ್ಚಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ದಡದ ಒಂದು ಹೆಂಟೆ, ಬೇರು ಸಮೇತ, ಸದ್ದಿಲ್ಲದೆ ಜಾರಿ ನೀರಿಗೆ ಬಿತ್ತು. ಅಲೆ ಅಡಗಿದ ಮೇಲೂ ನೀರು ಚಹಾದ ಬಣ್ಣಕ್ಕೆ ತಿರುಗಿ ಹಾಗೇ ಉಳಿಯಿತು.

ಕರ್ಟ್ ಬಗ್ಗಿ ಆ ನೀರನ್ನೇ ನೋಡುತ್ತಿದ್ದ.

"ಇದು ನಮ್ದಾ?"

"ನಿಮ್ದೇ," ಎಂದಳು ವರ್ನಾ.

"ಆರು ವರ್ಷದಿಂದ ಓಡಿಸ್ತಿದ್ದೀನಿ. ಯಾವತ್ತೂ ನೋಡೇ ಇಲ್ಲ." ಅದು ನಿಜ. ಅವನ ಕಣ್ಣು ಒಂದೋ ಮುಂದಿನ ನೀರಿನ ಮೇಲೆ, ಇಲ್ಲವೇ ಹಿಂದಿನ ಮಗಳ ಮೇಲೆ. ಅಲೆ ದಡ ಮುಟ್ಟುವಾಗ ಅವನು ಕೆರೆಯ ಇನ್ನೊಂದು ತುದಿಯಲ್ಲಿರುತ್ತಿದ್ದ.

"ನಾನೂ ಅವತ್ತು ಸರಿಯಾಗಿ ನೋಡ್ಲಿಲ್ಲ ಬಿಡು," ಎಂದ ರೇನೋ ಕುರ್ಚಿಯಿಂದ. "ಅದ್ರೊಳಗೇ ಇದ್ದೆ."

ಮೊದಲು ನಕ್ಕವಳು ಲೂಸಿಲ್. ಕರ್ಟ್ ನಗಲಿಲ್ಲ. ರೇನೋನ ಹೆಗಲ ಮೇಲೆ ಒಂದು ಕ್ಷಣ ಕೈಯಿಟ್ಟು, ಅಂಗಳ ದಾಟಿ ಹೊರಟುಹೋದ. ಅವನು ಮಂಡಳಿಯ ಸಭೆಯಲ್ಲಿ ಏನು ಹೇಳುತ್ತಾನೋ ಎಂದು ವರ್ನಾ ಐದು ದಿನ ಒದ್ದಾಡಿದಳು.

ಗುರುವಾರ ಸಂಜೆ ಆರೂವರೆಗೆ ಸಭೆ. ಕುರ್ಚಿ ಸಾಲದೆ ಜನ ಗೋಡೆಗೊರಗಿ ನಿಂತಿದ್ದರು. ಬೋಟು ಮಾರುವವರ ಪರವಾಗಿ ದೂರದಿಂದ ಬಂದಿದ್ದ ಒಬ್ಬರು ಸ್ವಾತಂತ್ರ್ಯದ ಬಗ್ಗೆ ಕಾಲು ಗಂಟೆ ಮಾತಾಡಿದರು. ನಡುವೆ ನಮ್ಮ ಕೆರೆಯ ಹೆಸರನ್ನು ಎರಡು ಸಲ ತಪ್ಪಾಗಿ ಹೇಳಿದರು. ಆಮೇಲೆ ಕರ್ಟ್ ಎದ್ದ.

"ನಂಗೆ ಈ ನಿಯಮ ಇಷ್ಟ ಇಲ್ಲ," ಎಂದ. ವರ್ನಾ ತಲೆ ತಗ್ಗಿಸಿದಳು. "ಆ ಬೋಟು ತಗೊಂಡಿದ್ದೇ ಅಲೆಗೋಸ್ಕರ. ಆದ್ರೆ ಅಲೆ ಎಲ್ಲಿಗೆ ಹೋಗಿ ನಿಲ್ಲುತ್ತೆ ಅಂತ ಶನಿವಾರ ನೋಡ್ದೆ. ನಮ್ಮ ಕೆರೆ ಅದಕ್ಕೆ ಸಾಕಾಗಲ್ಲ. ಇನ್ಮೇಲೆ ಟ್ಯಾಂಕು ಖಾಲಿ ಇಟ್ಕೊಂಡೇ ಇಲ್ಲಿ ಓಡಿಸ್ತೀನಿ, ಅಲೆ ಬೇಕಂದ್ರೆ ದೊಡ್ಡ ಕೆರೆಗೆ ಹೋಗ್ತೀನಿ. ಅದಕ್ಕೆ ನಂಗೆ ಬೇಜಾರಿದೆ." ನನ್ನ ಕಡೆ ತಿರುಗಿದ. "ಬೇಜಾರಿದೆ ಅಂತಾನೂ ಬರ್ಕೊಳ್ಳಿ."

ಬರೆದುಕೊಂಡೆ. ಅಧ್ಯಕ್ಷರು ಕೈ ಎತ್ತಿದರು. ಲೂಸಿಲ್ ತನ್ನ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಕೈ ಎತ್ತಿದಳು. ಎರಡಕ್ಕೆ ಒಂದು. ನಿಯಮ ಆಯಿತು.

ಹೊರಗೆ ವರ್ನಾ ತನ್ನ ಗಾಡಿಯಲ್ಲಿ ಕೂತಿದ್ದಳು, ಕೀಲಿ ತಿರುಗಿಸಿರಲಿಲ್ಲ. ಪಕ್ಕದಲ್ಲಿ ರೇನೋ.

"ಏನಾಯ್ತೇ?" ಎಂದ.

"ಏನಿಲ್ಲ ಅಣ್ಣ. ಹಸಿವು," ಎಂದಳು. ಕಣ್ಣು ಒರೆಸಿಕೊಂಡು ನಕ್ಕಳು. "ಎಷ್ಟು ದಿನ ಆಯ್ತು ಗೊತ್ತಾ, ಹಸಿವು ಅಂತ ಆಗಿ."

ಮರುದಿನ ಶುಕ್ರವಾರ. ಊರಿಗೆ ಊರೇ ಕರಿದ ಮೀನು ತಿನ್ನಲು ಹೋಟೆಲಿಗೆ ಹೋಗುವ ದಿನ. ನಾವು ಮೂವರೂ ಹೋದೆವು. ಆಲೂಗಡ್ಡೆ ದೋಸೆಯ ಎರಡನೇ ತಟ್ಟೆ ಬರುವಾಗ ಕರ್ಟ್ ತನ್ನ ಹೆಂಡತಿ, ಮಗಳ ಜೊತೆ ಬಾಗಿಲಲ್ಲಿ ನಿಂತಿದ್ದು ಕಂಡಿತು. ಖಾಲಿ ಇದ್ದದ್ದು ನಮ್ಮ ಮೇಜಿನ ಆ ತುದಿ ಮಾತ್ರ.

"ಇಲ್ಲಿ ಯಾರಾದ್ರೂ ಬರ್ತಾರಾ?" ಎಂದು ಕೇಳಿದ.

ವರ್ನಾ ತನ್ನ ಕೋಟು, ಕೈಚೀಲ ಎರಡನ್ನೂ ಎತ್ತಿ ಮಡಿಲಿಗಿಟ್ಟುಕೊಂಡಳು. "ನೀವೇ ಬಂದ್ರಲ್ಲ. ಕೂತ್ಕೊಳ್ಳಿ."

ಅವರ ಮೀನೂ ಬಂತು. ತಿನ್ನುತ್ತಾ ಬ್ರಿನ್, ತಾನು ಬೇಲಿ ಹಾಕಿದರೂ ಜಿಂಕೆಗಳು ಬೀನ್ಸ್ ಗಿಡವನ್ನೆಲ್ಲ ತಿಂದುಬಿಟ್ಟವೆಂದು ದೂರಿದಳು. ಬೇಲಿ ಎಷ್ಟು ಎತ್ತರ ಎಂದು ವರ್ನಾ ಕೇಳಿದಳು. ಅಷ್ಟು ಎತ್ತರಕ್ಕೆ ಜಿಂಕೆಯಲ್ಲ, ನಾನೇ ಹಾರುತ್ತೇನೆ ಎಂದ ರೇನೋ, ಹೊಸ ಕೀಲಿನ ಸೊಂಟ ತಟ್ಟಿ ತೋರಿಸುತ್ತಾ. ಬೇಲಿಯಿಂದ ಮಾತು ಈ ವರ್ಷದ ಟೊಮೇಟೊಗೆ ಹೋಯಿತು. ಕಾಫಿ ತಣ್ಣಗಾಗುವ ತನಕ ಕೂತೆವು.