ನೀಲಿಯಾಗಿ ಕಂಡ ಜಲಸಂಧಿ

ವರ್ಷಾನುಗಟ್ಟಲೆ ಉತ್ತರ ಧ್ರುವದ ಸಾಗರದ ಮಂಜುಗಡ್ಡೆಯನ್ನೇ ನೋಡಿ ನೋಡಿ, ಕಚೇರಿಯಲ್ಲಿ ಅವಳಿಗೆ ಮಂಜಮ್ಮ ಅಂತಲೇ ಹೆಸರು ಬಿದ್ದಿತ್ತು. ಉಪಗ್ರಹ ಕಳಿಸಿದ ಚಿತ್ರ ನೋಡಿ, ಎಲ್ಲಿ ಗಡ್ಡೆ, ಎಲ್ಲಿ ತೆರೆದ ನೀರು ಎಂದು ನಕ್ಷೆಗೆ ಬಣ್ಣ ತುಂಬಿ ಹಡಗುಗಳಿಗೆ ಕಳಿಸುವುದು, ಇಷ್ಟೇ ಕೆಲಸ. ಇಷ್ಟೇ ಅಂದರೆ ಇಷ್ಟೇನಾ? ಸುತ್ತಲೂ ನೆಲವೇ ಬೇಲಿಯಾಗಿ ಕೂತ ಆ ಸಾಗರಕ್ಕೆ ಇರುವುದೇ ನಾಲ್ಕಾರು ಬಾಗಿಲು, ಅಂದರೆ ಇಕ್ಕಟ್ಟಾದ ಜಲಸಂಧಿಗಳು. ಬೇಸಿಗೆಯಲ್ಲಿ ಅವು ತೆರೆದರೆ ಹಡಗಿಗೆ ಅರ್ಧ ಭೂಮಿ ಸುತ್ತುವುದು ತಪ್ಪುತ್ತದೆ. ತೆರೆಯದ ಬಾಗಿಲಿಗೆ ನುಗ್ಗಿದರೆ ಗಡ್ಡೆ ಎರಡೂ ಕಡೆಯಿಂದ ಒತ್ತಿ ಹಡಗಿನ ಪಕ್ಕೆ ಮುರಿಯುತ್ತದೆ.

ಅವತ್ತು ಊಟ ಮುಗಿಸಿ ಬಂದು ಬೆಳಗಿನ ಚಿತ್ರವನ್ನು ಮತ್ತೊಮ್ಮೆ ದೊಡ್ಡದು ಮಾಡಿ ನೋಡಿದಳು. ತಾನೇ ನೀಲಿ ಬಳಿದು ದಾರಿ ಇದೆ ಎಂದು ಕಳಿಸಿದ್ದ ಜಲಸಂಧಿಯ ತುಂಬ ಬಲೆಯಂತೆ ಸಣ್ಣ ಬಿಳಿ ಗೆರೆಗಳು. ಅಯ್ಯೋ, ಗೆರೆಗಳ ನಡುವೆ ಕಂಡದ್ದು ತೆರೆದ ನೀರಲ್ಲ, ಬಿಸಿಲಿಗೆ ಕರಗಿ ಗಡ್ಡೆಯ ಬೆನ್ನ ಮೇಲೇ ನಿಂತ ನೀರು! ಕೆಳಗೆ ಆಳುದ್ದದ ಗಡ್ಡೆ ಹಾಗೇ ಇದೆ. ನಿಂತ ನೀರು ನೋಡಿ ಮೋಸ ಹೋಗಬೇಡಿ ಎಂದು ಹೊಸಬರಿಗೆ ಪಾಠ ಹೇಳುತ್ತಿದ್ದವಳು, ಇರುಳು ಕಂಡ ಬಾವಿಗೆ ಹಗಲು ಬಿದ್ದಿದ್ದಳು.

ಆ ದಾರಿ ಹಿಡಿದಿದ್ದ ಹಡಗಿನ ಕ್ಯಾಪ್ಟನ್ ಅವಳ ಅಕ್ಕನ ಗಂಡ.

"ಸಾರ್, ನನ್ನ ನಕ್ಷೆ ತಪ್ಪಾಗಿದೆ. ವಾಪಸ್ ತಗೋಬೇಕು."

ಮೇಲಧಿಕಾರಿ ಎದ್ದು ಬಾಗಿಲು ಮುಂದೆ ಮಾಡಿದ. "ಮೆಲ್ಲಗೆ ಮಾತಾಡಿ. ವಾಪಸ್ ಅಂದ್ರೆ ವಿಚಾರಣೆ. ನಿಮ್ಮ ಕೆಲಸಾನೂ ಹೋಗತ್ತೆ, ನಂದೂ ಹೋಗತ್ತೆ. ನಿಮ್ಮ ಭಾವಂಗೆ ಫೋನ್ ಮಾಡಿ ಹಡಗು ತಿರುಗಿಸೋಕೆ ಹೇಳಿ. ಮಿಕ್ಕಿದ್ದನ್ನ ಸಾಯಂಕಾಲದ ನಕ್ಷೇಲಿ ಸದ್ದಿಲ್ದೆ ತಿದ್ದಿದ್ರಾಯ್ತು."

ಆಚೆ ತುದಿಯಿಂದ ಇನ್ನೊಂದು ಹಡಗು ಅದೇ ಜಲಸಂಧಿಗೆ ಬರುತ್ತಿದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಅದರ ಮಾತೆತ್ತಲಿಲ್ಲ.

ಅಷ್ಟು ಉತ್ತರಕ್ಕೆ ಮಾಮೂಲಿ ಉಪಗ್ರಹ ಎಟುಕುವುದಿಲ್ಲ. ಧ್ರುವದ ಮೇಲೆ ಹಾದುಹೋಗುವ ಉಪಗ್ರಹ ಸಿಕ್ಕಾಗಷ್ಟೇ ಫೋನಿನಲ್ಲಿ ಮಾತು. ಒಂದು ಸಲ ಲೈನ್ ಕಟ್ಟಾಯಿತು. ಇನ್ನೊಂದು ಸಲವೂ ಕಟ್ಟಾಯಿತು. ಅಕ್ಕನಿಗೆ ಏನೆಂದು ಹೇಳಲಿ ದೇವರೇ ಎನ್ನುತ್ತ ಮೂರನೇ ಸಲ ನಂಬರ್ ಒತ್ತಿದಳು.

"ಹಲೋ, ಏನ್ ಪುಟ್ಟೀ?"

"ಭಾವ, ನಿಲ್ಸಿ! ಒಳಗೆ ಹೋಗ್ಬೇಡಿ. ಅದು ಗಡ್ಡೆ, ಮೇಲೆ ಮಾತ್ರ ನೀರು. ನಾನೇ ತಪ್ಪು ನೋಡ್ದೆ."

ಆ ಕಡೆ ಭಾವ ಯಾರಿಗೋ ಎಂಜಿನ್ ನಿಲ್ಲಿಸಲು ಕೂಗಿದ್ದು ಕೇಳಿಸಿತು. ಹೋದ ಜೀವ ಬಂದಂತಾಯಿತು ಅವಳಿಗೆ.

"ಜಲಸಂಧಿ ಬಾಯಲ್ಲೇ ಇದ್ದೆ, ಬಚಾವಾದೆ," ಎಂದರು ಭಾವ. "ಆ ಕಡೆಯಿಂದ ಬರ್ತಿರೋರಿಗೆ ಹೇಳಿದ್ಯಾ? ನನ್ನ ರೇಡಿಯೋ ಅಲ್ಲೀವರೆಗೆ ಮುಟ್ಟಲ್ಲ."

ಅವಳು ಎದುರಿಗೆ ನಿಂತಿದ್ದ ಮೇಲಧಿಕಾರಿಯ ಮುಖ ನೋಡಿದಳು.

"ನನಗೊಬ್ಬನಿಗೇ ಹೇಳ್ತಿದ್ಯಾ?"

"ಕೆಲಸ ಹೋಗತ್ತೆ ಭಾವ..."

"ಥೂ, ನಾಚಿಕೆ ಆಗಲ್ವೇನೇ ನಿನಗೆ? ಆ ಹಡಗಲ್ಲಿರೋರಿಗೇನು ಹೆಂಡ್ತಿ ಮಕ್ಕಳಿಲ್ವಾ? ಇಡು ಫೋನು!"

ಮುಖಕ್ಕೆ ಹೊಡೆದ ಹಾಗಾಯಿತು. ಕುರ್ಚಿ ಎಳೆದುಕೊಂಡು ಕಂಪ್ಯೂಟರ್ ಮುಂದೆ ಕೂತಳು. ಮೇಲಧಿಕಾರಿ ಕೈ ಅಡ್ಡ ಹಿಡಿದ.

"ನಿಮಗೆ ತಲೆ ಕೆಟ್ಟಿದ್ಯಾ?"

"ಬೆಳಿಗ್ಗೆ ಕೆಟ್ಟಿತ್ತು ಸಾರ್, ಈಗ ನೆಟ್ಟಗಾಯ್ತು. ಕೈ ತೆಗೀರಿ."

ಬೆಳಗಿನ ನಕ್ಷೆ ತಪ್ಪು, ಜಲಸಂಧಿ ಮುಚ್ಚಿದೆ, ಯಾರೂ ಒಳಹೋಗಬೇಡಿ ಎಂದು ಎಲ್ಲ ಹಡಗುಗಳಿಗೂ ಕಳಿಸಿ, ಕೆಳಗೆ ತನ್ನ ಹೆಸರು ಹಾಕಿದಳು. ಉತ್ತರವಿಲ್ಲ. ಮತ್ತೆ ಕಳಿಸಿದಳು. ಮೇಲಧಿಕಾರಿಯೂ ಬೈಯುವುದನ್ನು ಮರೆತು ಪರದೆಯನ್ನೇ ನೋಡುತ್ತ ನಿಂತ. ಕೊನೆಗೂ ಬಂತು: 'ಗಡ್ಡೆ ಎದುರಿಗೇ ಇದೆ. ಹಿಂದಕ್ಕೆ ತಿರುಗುತ್ತಿದ್ದೇವೆ.'

"ನಾಳೆಯಿಂದ ಬರೋದು ಬೇಡ," ಎಂದು ಹೇಳಿ ಆತ ಹೊರಗೆ ಹೋದ.

ಅಷ್ಟರಲ್ಲಿ ಅಕ್ಕನ ಫೋನು. "ಲೇ, ನಿಮ್ಮ ಭಾವ ಮಾತಿಗೆ ಸಿಕ್ಕಿದ್ರಾ? ನನಗೆ ಲೈನೇ ಸಿಗ್ತಿಲ್ಲ, ಯಾಕೋ ಜೀವ ಡವಡವ ಅಂತಿದೆ. ಹೇಗಿದಾರೆ?"

"ಚೆನ್ನಾಗಿ ಬೈದ್ರು ಅಕ್ಕ," ಎನ್ನುವಷ್ಟರಲ್ಲಿ ಅವಳಿಗೆ ಅಳು ಒತ್ತರಿಸಿ ಬಂತು.

"ಬೈದ್ರಾ?" ಅಕ್ಕ ಉಸಿರು ಬಿಟ್ಟು ನಕ್ಕಳು. "ಸದ್ಯ! ಹಾಗಾದ್ರೆ ಆರಾಮಾಗಿದಾರೆ ಬಿಡು."