ಮಾಸ್ತಪ್ಪನ ಎದೆ

ಹೊಸ ಯಂತ್ರಗಳನ್ನು ಸರ್ಕಾರಿ ಆಸ್ಪತ್ರೆಗಳು ಎಷ್ಟರಮಟ್ಟಿಗೆ ಬಳಸುತ್ತಿವೆ ಎಂದು ಅಳೆಯುವುದು ಪ್ರತಿಮಾಳ ಕೆಲಸ. ಸಾಗರ, ತೀರ್ಥಹಳ್ಳಿ ಕಡೆಯದನ್ನೆಲ್ಲ ಮುಗಿಸಿ ಹೊಸನಗರದ ಆಚೆಯ ಈ ಆಸ್ಪತ್ರೆಗೆ ಖುಷಿಯಿಂದಲೇ ಬಂದಿದ್ದಳು. ಇಸಿಜಿ ತೆಗೆದು ನೇರ ಬೆಂಗಳೂರಿನ ಡಾಕ್ಟರಿಗೆ ಕಳಿಸುವ ಯಂತ್ರ ಇಲ್ಲಿ ದಿನಕ್ಕೆ ಆರು ಸಲ ತಪ್ಪದೆ ಓಡುತ್ತಿತ್ತು. ನೂರಕ್ಕೆ ತೊಂಬತ್ತಾರು ಅಂಕ, ಮೂರು ತಾಲೂಕಿಗೂ ಮೊದಲು.

ಬಾಗಿಲು ತಳ್ಳಿದರೆ, ಎದೆಗೆಲ್ಲ ವೈರು ಅಂಟಿಸಿಕೊಂಡು ಮಲಗಿದ್ದವನು ಆಸ್ಪತ್ರೆಯ ಜವಾನ ಮಾಸ್ತಪ್ಪ.

"ಏನಾಯ್ತು ನಿಮಗೆ?"

"ನಂಗೆಂತ ಆಗ್ತದೆ ಮೇಡಂ? ಗುಂಡುಕಲ್ಲು ಇದ್ದಂಗೆ ಇದೀನಿ. ದಿನಾ ಆರು ಸಲ ಮಲಗ್ತೀನಿ, ಅಷ್ಟೆ. ಇದು ಆರನೇದು."

ನರ್ಸ್ ಸುಮನಾ ತಲೆ ತಗ್ಗಿಸಿದಳು. ಹೊರಗೆ ಚೀಟಿ ಮಾಡಿಸಿದವರ ಹೆಸರು ಹಾಕಿ ಇವನ ಎದೆಯನ್ನು ಕಳಿಸುತ್ತಾರಂತೆ. "ನಿಜವಾದ ರೋಗಿದು ಕಳ್ಸಿ ಏನಾದ್ರೂ ಕೆಟ್ಟದ್ದು ಬಂದ್ರೆ, ಅರ್ಧ ಗಂಟೇಲಿ ಎಂತ ಮಾಡಿದ್ರಿ ಅಂತ ಮೇಲಿನವ್ರು ಕೇಳ್ತಾರೆ. ಇಲ್ಲಿ ಡಾಕ್ಟ್ರು ಬರೋದೇ ವಾರಕ್ಕೆ ಎರಡು ದಿನ. ಮಾಸ್ತಪ್ಪಣ್ಣಂದಾದ್ರೆ ಯಾವತ್ತೂ ನಾರ್ಮಲ್."

ಪ್ರತಿಮಾ ಅಂಕ ಬರೆದಿದ್ದ ಹಾಳೆ ತಿರುವಿ ನೋಡಿದಳು. ಥೂ, ಎಂಥ ಹೇಸಿಗೆ! ಅದಕ್ಕಿಂತ ಹೇಸಿಗೆ ಅವಳ ಕೈಲಿದ್ದ ಫಾರಮ್ಮು. ಯಂತ್ರ ಎಷ್ಟು ಸಲ ಓಡಿತು ಎಂದು ಕೇಳುತ್ತಿತ್ತೇ ಹೊರತು ಯಾರಿಗಾಗಿ ಎಂದಲ್ಲ. ಅಳೆಯುವ ಕೊಳಗವೇ ತೂತಾದರೆ ಯಾರನ್ನು ಬೈಯುವುದು? ಆ ಪ್ರಶ್ನೆ ಬರೆದವಳೂ ಅವಳೇ.

ಅಷ್ಟರಲ್ಲಿ ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಗೋಡೆ ಹಿಡಿದುಕೊಂಡು ಒಳಬಂದಳು. ಬೆವರಿಗೆ ರವಿಕೆ ಒದ್ದೆಯಾಗಿತ್ತು. "ಗ್ಯಾಸಿನ ಮಾತ್ರೆ ಕೊಟ್ರು ಅಮ್ಮಾ, ಕಮ್ಮಿ ಆಗ್ಲಿಲ್ಲ. ಎದೆ ಹಿಂಡ್ತದೆ."

ಪ್ರತಿಮಾ ಮಾಸ್ತಪ್ಪನನ್ನು ಎಬ್ಬಿಸಿ ಅವಳನ್ನು ಮಲಗಿಸಿದಳು. ಸುಮನಾ ವೈರು ಹಚ್ಚಿದಳು. ಪರದೆಯ ಮೇಲೆ ಗೆರೆ ಸೊಟ್ಟಗೆ ಎದ್ದಿತು. ಹೆಸರು ಕೇಳಿದಾಗ ಹಾಲಮ್ಮ ಎಂದಳು. ಸುಮನಾಳ ಮುಖ ಬಿಳಿಚಿಕೊಂಡಿತು. ಮಾಸ್ತಪ್ಪನನ್ನು ಮಲಗಿಸಿ ಈಗಷ್ಟೇ ಕಳಿಸಿದ್ದರಲ್ಲಿ ಮೂರನೆಯ ಹೆಸರು ಅದೇ.

"ಕಳ್ಸಿ," ಎಂದಳು ಪ್ರತಿಮಾ.

ಎರಡೇ ನಿಮಿಷಕ್ಕೆ ಉತ್ತರ ಬಂತು. ಸುಮನಾ ಗಾಬರಿಯಲ್ಲಿ ಗಟ್ಟಿಯಾಗಿ ಓದಿಬಿಟ್ಟಳು: "ಹಾಲಮ್ಮ, ಇಪ್ಪತ್ತು ನಿಮಿಷದ ಹಿಂದೆ ನಾರ್ಮಲ್. ಈಗ ವೈರು ಹಚ್ಚಿದ್ದು ತಪ್ಪಾಗಿದೆ, ಸರಿಮಾಡಿ ಕಳಿಸಿ."

ಶಿವಮೊಗ್ಗದ ದೊಡ್ಡ ಆಸ್ಪತ್ರೆಗೆ ಕಾರು ತಿರುಗಿಸಲು ಪ್ರತಿಮಾ ಡ್ರೈವರಿಗೆ ಕೂಗಿ ಹೇಳಿ ಬರುವಷ್ಟರಲ್ಲಿ ಹಾಲಮ್ಮ ವೈರು ಕಿತ್ತುಕೊಂಡು ಏಳುತ್ತಿದ್ದಳು. ಮುಖದಲ್ಲಿ ನೆಮ್ಮದಿ ಬೇರೆ. "ದೊಡ್ಡ ಡಾಕ್ಟ್ರೇ ಸರಿ ಇದೆ ಅಂದ್ರಲ್ಲ. ಬಸ್ಸಿಗೆ ಹೊತ್ತಾಯ್ತು, ಹೋಗ್ತೀನಿ."

"ಏಳ್ಬೇಡಿ ಅಮ್ಮಾ! ಅದು ನಿಮ್ಮ ಎದೆ ಅಲ್ಲ."

"ನಂದಲ್ವಾ?" ಹಾಲಮ್ಮ ಏದುಸಿರು ಬಿಡುತ್ತಾ ಪರದೆಯತ್ತ ಕೈ ತೋರಿಸಿದಳು. "ಹೆಸ್ರು ನಂದೇ ಹಾಕಿದಾರಲ್ಲ?"