ಕುಡಿಯದವನ ವಿಸ್ಕಿ

ವಿಸ್ಕಿಯ ಒಂದು ಹನಿಯನ್ನೂ ನಾಲಿಗೆಗೆ ಹಚ್ಚದವನೊಬ್ಬ ನಮ್ಮೆಲ್ಲರಿಗಿಂತ ಚೆನ್ನಾಗಿ ವಿಸ್ಕಿಯನ್ನು ಬಲ್ಲ ಎಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ನಾನೂ ನಕ್ಕವನೇ. ನನ್ನದು ಹದಿನೆಂಟು ವರ್ಷ ಕುಡಿದ ಅನುಭವ. ಶೇಡಬಾಳದ ಜಿನೇಂದ್ರನದು ಬರೀ ಮೂಗು.

ನಾನು ರಾಜಾರಾಮ, ಬೇಡಕಿಹಾಳದವನು. ಮುಗಳಖೋಡದ ಹತ್ತಿರ ಬಾಪುಸಾಹೇಬರ ಡಿಸ್ಟಿಲರಿಯಲ್ಲಿ ಗೋದಾಮು ನೋಡಿಕೊಳ್ಳುತ್ತಿದ್ದೆ. ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ, ಕಾಕಂಬಿ, ಟ್ಯಾಂಕರಿನಲ್ಲಿ ಬರುತ್ತಿತ್ತು. ಅದಕ್ಕೆ ಯೀಸ್ಟ್ ಹಾಕಿ ಹುಳಿ ಬರಿಸಿ ಭಟ್ಟಿ ಇಳಿಸಿದರೆ ನಾಲ್ಕೇ ದಿನಕ್ಕೆ ಸ್ಪಿರಿಟ್ ತಯಾರು. ಬಣ್ಣ ಕೂಡಿಸಿ, ಬಾಟಲಿಗೆ ತುಂಬಿ, ವಿಸ್ಕಿ ಎಂದು ಚೀಟಿ ಅಂಟಿಸುತ್ತಿದ್ದೆವು. ಅದೇ ವಿಸ್ಕಿ ಎಂದುಕೊಂಡು ನಾನು ಸುಖವಾಗಿದ್ದೆ.

೨೦೦೯ರಲ್ಲಿ ಬಾಪುಸಾಹೇಬರಿಗೆ ನಿಜವಾದ ವಿಸ್ಕಿ ಮಾಡುವ ಹುಚ್ಚು ಹಿಡಿಯಿತು. ರಾಜಸ್ಥಾನದಿಂದ ಬಾರ್ಲಿ ತರಿಸಿದರು. ದೊಡ್ಡ ಹೊಟ್ಟೆಯ, ಉದ್ದ ಕುತ್ತಿಗೆಯ ಎರಡು ತಾಮ್ರದ ಹಂಡೆಗಳನ್ನು ಕೂರಿಸಿದರು. ಓಕ್ ಮರದ ನಲವತ್ತು ಪೀಪಾಯಿಗಳು ಬಂದವು. ಅವುಗಳಲ್ಲಿ ಮಾಲು ತುಂಬಿ ಮೂರು ವರ್ಷ ಸುಮ್ಮನೆ ಇಡಬೇಕು ಎಂದಾಗ ಇವರಿಗೆ ತಲೆ ಕೆಟ್ಟಿದೆ ಎಂದೇ ತಿಳಿದೆ. ಮೂರು ವರ್ಷ ಸುಮ್ಮನಿದ್ದರೆ ಮಾಲು ಏನು ಕಲಿಯುತ್ತದೆ?

ಆ ಕೆಲಸಕ್ಕೆ ಪ್ರಯೋಗಶಾಲೆಯಿಂದ ಜಿನೇಂದ್ರನನ್ನು ಆರಿಸಿದರು. ಜೈನರ ಹುಡುಗ. ಹದಿನಾರರ ವಯಸ್ಸಿನಲ್ಲಿ ಚಾತುರ್ಮಾಸಕ್ಕೆ ಬಂದಿದ್ದ ಮುನಿಗಳ ಮುಂದೆ ಮದ್ಯ ಸೇವಿಸುವುದಿಲ್ಲ ಎಂದು ವ್ರತ ತೊಟ್ಟವನು. ಅವನ ತಾಯಿ ಜಿನಮತಿಬಾಯಿ ಈ ನೌಕರಿಗೆ ಒಪ್ಪಿದ್ದೇ ಒಂದು ದೊಡ್ಡ ಕಥೆ. "ಕೈಯಾಗ ಹಿಡಿ, ಮೂಗಿಗೆ ಹಿಡಿ. ನಾಲಿಗಿಗೆ ಹತ್ತಿತಂದ್ರ ನನ್ನ ಒಲಿ ಮುಂದ ಬರಬ್ಯಾಡ," ಎಂದಿದ್ದರಂತೆ. ಅವನು ಅದನ್ನು ಅಕ್ಷರಶಃ ಪಾಲಿಸಿದ.

ಅವನ ರೀತಿಯೇ ಬೇರೆ. ಎರಡು ಹನಿ ಅಂಗೈಗೆ ಹಾಕಿಕೊಂಡು ತಿಕ್ಕಿ, ಕಣ್ಣು ಮುಚ್ಚಿ ಮೂಸುತ್ತಿದ್ದ. ಆಮೇಲೆ ಗ್ಲಾಸನ್ನು ನನ್ನ ಕೈಗೆ ಕೊಟ್ಟು, "ರಾಜಾರಾಮಣ್ಣಾ, ನೀವು ಕುಡೀರಿ. ಖಾಲಿ ಗ್ಲಾಸ್ ನನಗ ಕೊಡ್ರಿ," ಅನ್ನುತ್ತಿದ್ದ. ಜಗತ್ತಿನಲ್ಲಿ ಇಂಥ ಒಳ್ಳೆಯ ಸಾಹೇಬ ಯಾರಿಗೆ ಸಿಗುತ್ತಾನೆ ಹೇಳಿ! ಗ್ಲಾಸು ಪೂರ್ತಿ ಒಣಗಿದ ಮೇಲೆ ಮತ್ತೆ ಮೂಸುತ್ತಿದ್ದ. ಸ್ಪಿರಿಟ್ಟಿನ ಘಾಟು ಹಾರಿಹೋಗಿ, ಕಾಳಿನದೂ ಕಟ್ಟಿಗೆಯದೂ ವಾಸನೆ ಮಾತ್ರ ತಳದಲ್ಲಿ ಉಳಿದಿರುತ್ತದೆ ಎನ್ನುವುದು ಅವನ ವಾದ.

ಬೇರೆ ಬೇರೆ ದೇಶದ ಬಾಟಲಿಗಳನ್ನು ಬಾಪುಸಾಹೇಬರು ತರಿಸಿಕೊಟ್ಟಿದ್ದರು. ಜಿನೇಂದ್ರ ನನಗೆ ಪಾಠ ಹೇಳುತ್ತಿದ್ದ. "ಇದು ಸ್ಕಾಚ್ ನೋಡ್ರಿ. ಅಲ್ಲಿ ಜವುಗು ನೆಲದ ಹೆಂಟಿ ಒಣಗಿಸಿ ಉರಿ ಹಾಕಿ, ಆ ಹೊಗಿಯಾಗ ಮೊಳಕಿ ಬಂದ ಬಾರ್ಲಿ ಒಣಗಿಸ್ತಾರ. ಕಬ್ಬು ಕಡದ ಮ್ಯಾಲ ಒಣಾ ಎಲಿ, ರವದಿ ಸುಟ್ಟ ವಾಸ್ನಿ ಬರ್ತೈತಿ ಹೌದಿಲ್ಲೋ? ಎಲ್ಲಾ ಸ್ಕಾಚಿಗೂ ಹೊಗಿ ಇರೂದಿಲ್ಲ ಮತ್ತ. ಇದು ಅಮೆರಿಕಾದ್ದು, ಗೋವಿನಜೋಳದ್ದು. ಹೊಸಾ ಪೀಪಾಯಿ ಒಳಗ ಬೆಂಕಿ ಹಚ್ಚಿ ಕರ್ರಗ ಸುಟ್ಟು ತುಂಬ್ತಾರ. ಅದಕ್ಕ ಹುರಿದ ಕೊಬ್ಬರಿ, ಬೆಲ್ಲದ ವಾಸ್ನಿ. ಇದು ಐರ್ಲೆಂಡಿಂದು. ಮೂರು ಸರ್ತಿ ಭಟ್ಟಿ ಇಳಿಸ್ಯಾರ, ಅದಕ್ಕ ಇಷ್ಟ್ ಮೆತ್ತಗ."

ನಾನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ. ನಾನು ಕುಡಿದದ್ದನ್ನು ಅವನು ನನಗೇ ವಿವರಿಸುತ್ತಿದ್ದ, ಅದೂ ಸರಿಯಾಗಿ! ನಮ್ಮ ಮಾಲಿನ ಬಗ್ಗೆ ಮಾತ್ರ ಅವನಿಗೆ ವಿಶೇಷ ಮಮತೆ. ಅಲ್ಲಿನ ಚಳಿಯಲ್ಲಿ ಹನ್ನೆರಡು ವರ್ಷಕ್ಕೆ ಆಗುವುದು ನಮ್ಮ ಬಿಸಿಲಿನಲ್ಲಿ ಮೂರು ನಾಲ್ಕು ವರ್ಷಕ್ಕೇ ಆಗುತ್ತದೆ, ಅಥಣಿ ಕಡೆಯ ಒಣದ್ರಾಕ್ಷಿ ಶೆಡ್ಡಿನೊಳಗೆ ಹೊಕ್ಕಷ್ಟು ಘಮ ಬರುತ್ತದೆ ಎನ್ನುತ್ತಿದ್ದ.

ಈಗ ನನ್ನ ತಪ್ಪು ಹೇಳಿಬಿಡುತ್ತೇನೆ. ಮೂರನೇ ಬೇಸಿಗೆಯಲ್ಲಿ ಅಳತೆಯ ಕೋಲು ಇಳಿಸಿ ನೋಡಿದರೆ ಹದಿನೇಳನೆಯ ಪೀಪಾಯಿಯಲ್ಲಿ ನೂರ ನಲವತ್ತು ಲೀಟರ್. ಅಕ್ಕಪಕ್ಕದವುಗಳಲ್ಲಿ ನೂರ ಅರವತ್ತು. ಮತ್ತೊಮ್ಮೆ ಕೋಲು ಇಳಿಸಿದೆ, ಅಷ್ಟೇ ಬಂತು. ಕಾಕಂಬಿ ಸ್ಪಿರಿಟ್ಟಿನ ಉಕ್ಕಿನ ಟ್ಯಾಂಕುಗಳ ನಡುವೆ ಬೆಳೆದವನು ನಾನು. ಅಲ್ಲಿ ಅಳತೆ ಕಡಿಮೆ ಬಂತೆಂದರೆ ಕಳವು ಎಂದೇ ಅರ್ಥ. ಕುಡುಕನೆಂದು ನನ್ನ ಹೆಸರು ಮೊದಲೇ ಕೆಟ್ಟಿತ್ತು. ಯಾರಿಗೂ ಹೇಳದೆ, ಎರಡು ಕ್ಯಾನಿನಲ್ಲಿ ಇಪ್ಪತ್ತು ಲೀಟರ್ ಕಾಕಂಬಿ ಸ್ಪಿರಿಟ್ ತಂದು ಸುರಿದು, ಬೆಣೆ ಬಡಿದುಬಿಟ್ಟೆ. ತಿಂಗಳ ಮೇಲೆ ಜಿನೇಂದ್ರ ಮಾತಿನ ನಡುವೆ, ಕಟ್ಟಿಗೆ ಉಸಿರಾಡುತ್ತದೆ, ಪಶ್ಚಿಮದ ಬಾಗಿಲಿನ ಬಿಸಿಲು ತಾಗುವ ಪೀಪಾಯಿಗಳಿಂದ ಹೆಚ್ಚು ಮಾಲು ಆರಿಹೋಗುತ್ತದೆ ಎಂದ. ಹದಿನೇಳು ಇದ್ದದ್ದು ಆ ಬಾಗಿಲಿನ ಬಳಿಯೇ. ಆಗಲೇ ಹೇಳಬಹುದಿತ್ತು. ಹೇಳಲಿಲ್ಲ.

೨೦೧೨ರ ದೀಪಾವಳಿ ಮುಗಿದ ಮೇಲೆ ಮಾಲು ಹೊರತೆಗೆಯುವ ಕಾಲ ಬಂತು. ಯಾವ ಪೀಪಾಯಿಯ ಮಾಲಿಗೆ ಯಾವುದನ್ನು ಬೆರೆಸಬೇಕೆಂದು ನಿರ್ಧರಿಸುವ ಮುಖ್ಯ ಬ್ಲೆಂಡರ್ ಹುದ್ದೆ ಜಿನೇಂದ್ರನಿಗೇ ಎಂದು ಎಲ್ಲರೂ ತಿಳಿದಿದ್ದೆವು. ಆದರೆ ಬಾಪುಸಾಹೇಬರು ಸಲಹೆಗೆಂದು ಪುಣೆಯಿಂದ ಉತ್ತಮರಾವ್ ಎಂಬುವರನ್ನು ಕರೆಸಿದರು. ಮೂಲ ನಿಪ್ಪಾಣಿಯವರು, ಈ ಧಂದೆಯಲ್ಲೇ ಕೂದಲು ಹಣ್ಣಾದವರು. ಕುಡಿಯದ ಬ್ಲೆಂಡರ್ ಎಂದು ಕೇಳಿ ಅವರಿಗೆ ನಗೆ ತಡೆಯಲಿಲ್ಲ.

"ಐದು ಗ್ಲಾಸ್ ಇಡ್ತೀನಿ. ಐದೂ ಬರೋಬ್ಬರಿ ಹೇಳಿದ್ರ ಕೆಲಸ ನಿಂದು. ಒಂದ್ ಚುಕಲೀ, ತಪ್ಪಿತು ಅಂದ್ರ ಪುಣೇದಿಂದ ನಮ್ಮ ಮನಷ್ಯಾ ಬರ್ತಾನ," ಎಂದರು.

ನಾಲ್ಕು ಗ್ಲಾಸುಗಳನ್ನು ತಾವು ತಂದ ಬಾಟಲಿಗಳಿಂದ ತುಂಬಿದರು. ಐದನೆಯದಕ್ಕೆ ನಮ್ಮ ಗೋದಾಮಿಗೇ ಬಂದರು. ನಾನೇ ಬೀಗ ತೆಗೆದೆ. ನಲವತ್ತು ಪೀಪಾಯಿಗಳಿದ್ದವು; ಅವರು ಬಾಗಿಲ ಬಳಿಯ ಹದಿನೇಳರ ಮುಂದೆಯೇ ನಿಂತರು. ಬೇಡ ಎನ್ನಲು ಒಂದು ಕ್ಷಣ ಸಾಕಿತ್ತು. ಹೇಡಿಯಂತೆ ದೀಪ ಹಿಡಿದು ನಿಂತೆ.

ಬೆಳಗಿನ ಹತ್ತು ಗಂಟೆ. ಜಿನೇಂದ್ರ ಐದನ್ನೂ ಅಂಗೈಗೆ ತಿಕ್ಕಿ ಮೂಸಿದ. ಆಮೇಲೆ ಕುಡಿದು ಖಾಲಿ ಮಾಡಿಕೊಡಿ ಎಂದು ಕೇಳಿದ. ಉತ್ತಮರಾವ್ ಮತ್ತು ಬಾಪುಸಾಹೇಬರು ಹಂಚಿಕೊಂಡು ಕುಡಿದರು. ಗ್ಲಾಸುಗಳು ಕಿಟಕಿಯ ಬಿಸಿಲಿನಲ್ಲಿ ಒಣಗುವ ತನಕ ಕಾದೆವು.

ಮೊದಲನೆಯದು ಹೊಗೆಯ ಸ್ಕಾಚ್, ಎರಡನೆಯದು ಹೊಗೆಯಿಲ್ಲದ ಸ್ಕಾಚ್, ಮೂರನೆಯದು ಅಮೆರಿಕಾದ್ದು, ನಾಲ್ಕನೆಯದು ಐರ್ಲೆಂಡಿನದು. ಒಂದೊಂದೇ ಹೇಳುತ್ತಾ ಹೋದ. ಉತ್ತಮರಾವ್ ಅವರ ಮುಖದ ನಗೆ ಒಂದೊಂದು ಗ್ಲಾಸಿಗೂ ಸಣ್ಣದಾಯಿತು. ನಾಲ್ಕನೆಯದಕ್ಕೆ ಅವರೇ "ವಾಹ್ವಾ" ಎಂದರು. ಐದನೆಯದನ್ನು ಜಿನೇಂದ್ರ ಎರಡು ಸಲ ಮೂಸಿದ.

"ಇದು ನಮ್ಮ ಮಾಲ್ರಿ. ಆದ್ರ ಪೂರಾ ಬಾರ್ಲಿದ್ದಲ್ಲ. ಎಂಟರಾಗ ಒಂದ್ ಪಾಲು ಕಾಕಂಬಿ ಐತಿ."

ಉತ್ತಮರಾವ್ ಮೇಜು ತಟ್ಟಿದರು. "ಝಾಲಂ, ಮುಗೀತು! ನಾನ ಸ್ವತಾ ಪೀಪಾಯಿಂದ ತಗದೀನಿ. ಇದರಾಗ ಕಾಕಂಬಿ ಎಲ್ಲಿಂದ ಬರ್ತೈತಿ?"

ಬಾಪುಸಾಹೇಬರ ಮುಖ ಇಳಿಯಿತು. ಅವರಿಗೆ ಈ ಹುಡುಗನ ಮೇಲೆ ಪ್ರೀತಿ. "ಜಿನೇಂದ್ರ, ಒಂದ್ ಹನಿ ನಾಲಿಗಿಗೆ ಹಚ್ಚಿ ನೋಡಪಾ. ಉಗುಳಿಬಿಡು. ಯಾರಿಗೂ ಹೇಳೂದಿಲ್ಲ. ಇಲ್ಲಾ ಚೂಕಾತು ಅಂತ ಅನ್ನು, ಇನ್ನೊಂದು ಚಾನ್ಸ್ ಕೊಡಸ್ತೀನಿ."

"ನಾಲಿಗಿಗೆ ಹಚ್ಚೂದಿಲ್ರಿ. ಇದ್ದದ್ದನ್ನ ಇಲ್ಲಂತ ಹೆಂಗ ಹೇಳ್ಲಿ?"

ಹಾಗೆನ್ನುತ್ತಾ ಅವನ ಕಣ್ಣು ನನ್ನ ಮೇಲೆ ಬಿತ್ತು. ನನ್ನ ಮುಖದ ಬಣ್ಣ ಹೋಗಿತ್ತು, ಅವನಿಗೆ ಎಲ್ಲವೂ ತಿಳಿಯಿತು. ಗೋದಾಮಿನ ಬೀಗದಕೈ ನನ್ನೊಬ್ಬನ ಬಳಿ ಮಾತ್ರ ಇರುವುದು. ನನ್ನ ಹೆಸರು ಹೇಳಿದ್ದರೆ ಕೆಲಸ ಅವನದಾಗುತ್ತಿತ್ತು. ಅವನು ಕಣ್ಣು ಕೆಳಗೆ ಮಾಡಿ, ಗ್ಲಾಸನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. "ನಾ ಬರ್ತೀನ್ರಿ," ಎಂದು ಬಾಗಿಲ ಕಡೆ ತಿರುಗಿದ.

ಮೂರು ವರ್ಷ ನನ್ನನ್ನು ಅಣ್ಣಾ ಎಂದು ಕರೆದವನು. ನನಗೆ ನನ್ನ ಮೇಲೆಯೇ ಹೇಸಿಗೆ ಬಂತು.

"ಐತ್ರಿ! ಕಾಕಂಬಿ ಐತಿ!" ಎಂದು ಕೂಗಿದೆ. "ಇಪ್ಪತ್ತು ಲೀಟರ್ ನಾನ ಹಾಕೀನ್ರೀ. ಒಳಗ ನೂರಾ ನಲವತ್ತಿತ್ತು. ಲೆಕ್ಕಾ ಮಾಡ್ರಿ, ಎಂಟರಾಗ ಒಂದ ಆಗ್ತೈತಿ." ಯಾಕೆ ಹಾಕಿದೆ, ಹೇಗೆ ಹೆದರಿದೆ, ಎಲ್ಲವನ್ನೂ ಹೇಳಿ ಬೀಗದಕೈ ಮೇಜಿನ ಮೇಲಿಟ್ಟೆ.

ಉತ್ತಮರಾವ್ ಎದ್ದು ನಿಂತರು. ಖಾಲಿ ಗ್ಲಾಸನ್ನು ತಾವೂ ಮೂಸಿದರು, ತಲೆಯಾಡಿಸಿದರು, ಜಿನೇಂದ್ರನಿಗೆ ಎರಡೂ ಕೈ ಜೋಡಿಸಿದರು. "ನಾ ಕುಡದೀನಿ, ಆದ್ರೂ ನನಗ ತಿಳೀಲಿಲ್ಲ," ಎಂದರು. ದೊಡ್ಡ ಮನುಷ್ಯ, ಒಪ್ಪಿಕೊಂಡರು.

ಬಾಪುಸಾಹೇಬರು ಮಾತ್ರ ನನ್ನ ಕಡೆ ಉರಿಗಣ್ಣು ಬಿಟ್ಟು, "ನಾಳಿಂದ ಬರಬ್ಯಾಡ," ಎಂದರು.

"ಹಂಗ ಮಾಡಬ್ಯಾಡ್ರಿ," ಎಂದ ಜಿನೇಂದ್ರ. "ಬಾಯಿರುಚಿ ಹೇಳಾಕ ನನಗೊಬ್ರು ಬೇಕ. ರಾಜಾರಾಮಣ್ಣ ಇರ್ಲಿ."

"ಮೋಸಾ ಮಾಡಿದವನ್ನ ಇಟ್ಕೋತೀಯೇನ?"

"ನೌಕರಿ ಹೋಗ್ತೈತಿ ಅಂತ ಗೊತ್ತಿದ್ದೂ ಖರೆ ಹೇಳ್ಯಾರ್ರಿ. ರುಚಿನೂ ಹಂಗ ಹೇಳ್ತಾರ."

ಬಾಪುಸಾಹೇಬರು ಬೀಗದಕೈಯನ್ನು ಜಿನೇಂದ್ರನ ಕಡೆ ಸರಿಸಿ, "ಬ್ಲೆಂಡರ್ ನೀನ, ನಿನ್ನ ಮನಷ್ಯಾನ್ನ ನೀನ ನೋಡ್ಕೋ," ಎಂದರು.

ನಲವತ್ತೆರಡು ವರ್ಷದ ಗಂಡಸು ನಾನು, ಎಲ್ಲರ ಮುಂದೆ ನಿಂತು ಅತ್ತುಬಿಟ್ಟೆ.